ಆರು ಪಾಯಿಂಟಿನ ಸಾಲು

ಚಳ್ಳಕೆರೆಯಲ್ಲಿ ಗಾಳಿಗೂ ಹಿಂಡಿಯ ವಾಸನೆ.
ಬಳ್ಳಾರಿ ರಸ್ತೆ ದಾಟಿ, ಮಿಲ್ಲುಗಳ ಸಾಲು ಬಿಟ್ಟು,
ಗ್ಯಾರೇಜಿನ ಮಹಡಿಯ ಮೇಲೆ ನಮ್ಮ ಪ್ರೆಸ್ಸು.
ಲಗ್ನಪತ್ರಿಕೆ, ಸಂಘದ ರಸೀದಿ, ತಿಥಿ ಕಾರ್ಡು,
ಉಳಿದದ್ದೆಲ್ಲ ಎಣ್ಣೆ ಡಬ್ಬಿಯ ಚೀಟಿ.
ಹದಿನಾಲ್ಕು ವರ್ಷದಿಂದ
ಅಕ್ಷರ ಜೋಡಿಸುವವಳು ನಾನು.

ಚೀಟಿಗೂ ಒಂದು ಮರ್ಯಾದೆಯಿದೆ.
ಶೇಂಗಾದ ಚಿತ್ರ ಅಂಗೈಯಗಲ,
'ಶುದ್ಧ' ಕೆಂಪಲ್ಲಿ, ಹೆಬ್ಬೆರಳ ಗಾತ್ರ,
ಹಸಿರು ಚುಕ್ಕೆ ಮೂಲೆಗೆ.
ಹತ್ತಿಕಾಳೆಣ್ಣೆ ಶೇಕಡಾ ಎಂಬತ್ತು
ಡಬ್ಬಿಯ ಬೆಸುಗೆ ಬರುವ ಕಡೆ
ಇರುವೆ ಹರಿದ ಹಾಗೆ.

ಈ ಸಲ ತಿಪ್ಪೇರುದ್ರಣ್ಣನ ಕರಡಿನಲ್ಲಿ
ಅವರ ಮಗಳು ಪೆನ್ಸಿಲ್ಲಿನಲ್ಲಿ ಸೇರಿಸಿದ್ದಳು:
ಕುಲಾಂತರಿ ಹತ್ತಿಯ ಬೀಜದಿಂದ.
'ಹಾಕು. ಕಾಣಬಾರದು ಅಷ್ಟೆ,
ಆರು ಪಾಯಿಂಟಿಗೆ ಇಳಿಸು.
ಎಣ್ಣೆ ಕಾದು ಸೋಸಿದ ಮೇಲೆ
ಅದರಲ್ಲಿ ಏನೂ ಉಳಿಯಲ್ಲ ಕಣಮ್ಮ,
ಅವಳನ್ನೇ ಕೇಳು.'

ಇರಬಹುದು. ನಾನು ಓದಿದ್ದು ಎಸೆಸೆಲ್ಸಿ.
ಪದವನ್ನು ಪರದೆ ತುಂಬ ಹಿಗ್ಗಿಸಿ ನೋಡಿದೆ.
ಕುಲಾಂತರಿ.

ಬಾಡಿಗೆ ಮನೆಗೆ ಅಲೆದ ವರ್ಷ
ಒಂಬತ್ತು ಬಾಗಿಲಲ್ಲಿ, ನೀರು ಕೊಡುವ ಮುಂಚೆ,
'ನೀವು ಯಾವ ಪೈಕಿ?' ಅಂದಿದ್ದರು.
ನಮ್ಮಲ್ಲೂ ಏನೂ ಉಳಿದಿರಲಿಲ್ಲ,
ನಾವೂ ಕಾದು, ಸೋಸಿಕೊಂಡು ಬಂದವರೇ.

ಆ ರಾತ್ರಿ ಚೀಟಿಯ ಮೇಲೇ ಸಿಟ್ಟು.
ಬೀಜಕ್ಕೂ ಯಾಕೆ ಈ ಹಣೆಪಟ್ಟಿ?
ಬೆಳಗ್ಗೆ ಹಲ್ಲುಜ್ಜುವಾಗ ಇನ್ನೊಂದು ಹೊಳೆಯಿತು:
ನನ್ನನ್ನು ಕೇಳಿದ್ದು ಕದ ಹಾಕಿಕೊಳ್ಳಲಿಕ್ಕೆ.
ಇಲ್ಲಿ ಕೇಳುವವಳು ಒಗ್ಗರಣೆ ಹಾಕುವವಳು,
ಅದೇ ಎಣ್ಣೆಯಲ್ಲಿ ಮಗುವಿಗೂ ಕಲಸುವವಳು.
ಗೊತ್ತಾದ ಮೇಲೂ ಕೊಂಡಾಳು,
ಹತ್ತು ರೂಪಾಯಿ ಕಮ್ಮಿ ಇದ್ದರೆ.
ಎರಡೂ ಒಂದೇ ಪ್ರಶ್ನೆಯಲ್ಲ, ಅಂದುಕೊಂಡೆ,
ಪೂರ್ತಿ ನಂಬಿಕೆಯಿಲ್ಲದೆ.

ಹೋಗಿ ಆ ಸಾಲನ್ನು ಹದಿನೆಂಟಕ್ಕೆ ಏರಿಸಿದೆ.
'ಶುದ್ಧ'ದ ಮಗ್ಗುಲಿಗೇ ಕೂರಿಸಿದೆ.

ಪ್ರೂಫು ನೋಡಿ ತಿಪ್ಪೇರುದ್ರಣ್ಣ ಬೈಯಲಿಲ್ಲ.
'ಕಣ್ಣು ಮಂದವಾಯ್ತೇನಮ್ಮ ಸಾಕಮ್ಮ?'
ನಕ್ಕು, ತಾವೇ ಮೌಸು ಹಿಡಿದು ಇಳಿಸಿದರು,
ಹದಿನಾಲ್ಕು, ಹತ್ತು, ಎಂಟು,
ಆರು.
ಹತ್ತು ಸಾವಿರ ಚೀಟಿ ಸಂಜೆಯೊಳಗೆ ಗಾಡಿ ಹತ್ತಿದವು.

ರದ್ದಿ ಎಂದಿನಂತೆ ಕೆಳಗೆ,
ಬಾಬಾಜಾನರ ಮಿರ್ಚಿ ಬಂಡಿಗೆ.
ಬಾಣಲೆಯಲ್ಲಿ ಅದೇ ಎಣ್ಣೆ.
ಮಂಡಕ್ಕಿಯ ಜೊತೆ ನಾಲ್ಕು ಕಟ್ಟಿಸಿಕೊಂಡೆ.
ಜಿಡ್ಡು ಕುಡಿದ ಕಾಗದ ಗಾಜಿನಂತಾಗಿ
ಒಳಗಿನ ಅಕ್ಷರ ಹೊರಗೆ ತೇಲಿ ಬಂತು,
ಕನ್ನಡಿಯಲ್ಲಿಟ್ಟ ಹಾಗೆ ತಿರುಗುಮುರುಗು,
ಹದಿನೆಂಟು ಪಾಯಿಂಟು.

ಪಕ್ಕದಲ್ಲಿ ಚಿಲ್ಲರೆ ಹಿಡಿದು ನಿಂತ ಯೂನಿಫಾರಂ ಹುಡುಗಿ
ಕತ್ತು ವಾರೆ ಮಾಡಿ ಹಿಂದಿನಿಂದ ಮುಂದಕ್ಕೆ ಕೂಡಿಸುತ್ತಿದ್ದಳು:
ಕು... ಲಾಂ...
'ಹಂಗಂದ್ರೇನಕ್ಕ?'

ಬಾಯಿ ತುಂಬ ಖಾರ.
ತಾಳವ್ವ, ಅಂದೆ,
ಒಂದು ಲೋಟ ನೀರು ಕುಡಿದು ಹೇಳ್ತೀನಿ.