ಗಿಣ್ಣು

ಧಾರವಾಡ, ವಿಶ್ವವಿದ್ಯಾಲಯದ ಗೇಟು.
ದಾವಲಸಾಬ ಕತ್ತಿ ಎತ್ತಿಕೊಂಡೇ ಕೇಳಿದ:
"ದಿನಾ ಒಂದು ಎಳನೀರು ಒಯ್ತೀರಿ,
ಒಳಗ ಯಾರಿಗೆ ಜ್ವರ ಬಂದೈತ್ರೀ ಅಕ್ಕಾರ?"

ಕಪ್ಪತಗುಡ್ಡದ ಈಶ್ವರಿ ಬಳ್ಳಿಗೆ, ಅಂದೆ.
ಹಾವಿನ ವಿಷ ಇಳಿಸುತ್ತದೆ ಅನ್ನುತ್ತಿದ್ದರು,
ಈಗ ತಾನೇ ಹಾಸಿಗೆ ಹಿಡಿದಿದೆ.
ಬೇರುಸಮೇತ ಕಿತ್ತವರು ಬಿಟ್ಟುಹೋದದ್ದು ಗೇಣುದ್ದ;
ಅದರದೊಂದು ಗಿಣ್ಣು
ಗಾಜಿನೊಳಗೆ, ಮಣ್ಣಿನ ನೆನಪೂ ಇಲ್ಲದೆ.

ಸೋಸಿದೆ, ಕುದಿಸಿದೆ, ನೂರಕ್ಕೆ ಹತ್ತು ಪಾಲು ಬೆರೆಸಿದೆ.
ಮೂವತ್ತೆಂಟು ಬಾಟಲಿಗೆ ಬೂಷ್ಟು.
ತೊಳೆದೆ.
ಮತ್ತೆ ಸೋಸಿದೆ.

ಇವತ್ತು ಅವನು ಗೊಂಚಲೆಲ್ಲ ತಟ್ಟಿ ನೋಡಿ
ಗಂಜಿ ಕೂಡದ ಕಾಯೊಂದನ್ನು ಆರಿಸಿದ,
ರೊಕ್ಕ ಎಣಿಸದೆ ಕಿಸೆಗೆ ಹಾಕಿದ.
"ಕಣ್ಣು ಬಿಟ್ಟಿತೇನ್ರೀ?"

ಅಕ್ಕಿಕಾಳಿನಷ್ಟು, ಅಂದೆ.
ಚಿಗುರೋ, ಬೂಷ್ಟೋ,
ನಾಳೆಯವರೆಗೆ ಹೇಳಲಾರೆ.