ಅಳತಿ ಇಲ್ಲದ ಅಂಗಿ

ಗುಳೇದಗುಡ್ಡದಾಗ ನನ್ನ ಮಷೀನು
ಇಪ್ಪತ್ತೆರಡು ವರ್ಷ ಬರೇ ಜಂಪರ ಹೊಲದೈತಿ.
ಅಳತಿ ಪುಸ್ತಕದಾಗ ಓಣಿ ಹೆಣಮಕ್ಕಳೆಲ್ಲಾ ಅದಾರ.
ಯಾರ ಎದಿ ಯಾವಾಗ ತುಂಬಿತು, ಯಾವಾಗ ಇಳೀತು
ನನಗ ಗೊತ್ತು, ಟೇಪಿಗೆ ಗೊತ್ತು.

ಈ ಅಂಗಿ ಬ್ಯಾರೆ. ಜಪಾನದ್ದು,
ಹಂತೆನ್ ಅಂತಾರಂತ.
ತಮ್ಮನ ಮಗಳು ಪೇಪರಿನ ಮ್ಯಾಲೆ ಬರದು ತೋರಿಸಿದಳು,
ಎಲ್ಲಾ ನೆಟ್ಟಗಿನ ಗೆರಿ.
ಮುಂಡಾ ಇಲ್ಲ, ಕಟೋರಿ ಇಲ್ಲ, ಹುಕ್ಕಿಲ್ಲ,
ಕತ್ರಿ ಎಲ್ಲೂ ತಿರಗೂದೇ ಇಲ್ಲ.
"ಅಳತಿ?" ಅಂದೆ.
"ಬ್ಯಾಡತ್ತಿ, ಯಾರಿಗಾದ್ರೂ ಬರತೈತಿ."
ನಕ್ಕೆ. ಹಂಗಾರ ದರ್ಜಿ ಯಾಕ ಬೇಕು?

ಸೂಜಿಮಲ್ಲಿಗಿ ಖಣ ತಗೊಂಡು
ದಡಿಗೆ ದಡಿ ಕೂಡಿಸಿದೆ.
ಒಳಗ ಹತ್ತಿ ಹಾಸಿ
ಕೌದಿ ಹೊಲದಂಗ ಕೈಲೇ ಟಾಕಿ ಹಾಕಿದೆ.
ತೋಳಂದ್ರ ಎರಡು ಚೀಲ.
ಕರೇ ಕೊಳ್ಳಪಟ್ಟಿ ಎರಡು ಸಲ ಬಿಚ್ಚಿದೆ.
ಖರೇ ಹೇಳಬೇಕಂದ್ರ, ಅಂಥಾ ಚಂದೇನ ಕಾಣಲಿಲ್ಲ.

ಗುರಸಿದ್ದವ್ವ ಬೆಳಗಾವಿ ದವಾಖಾನಿಯಿಂದ ಬಂದು ಎರಡು ತಿಂಗಳಾತು.
ನನ್ನ ಬಾಗಲ ಮುಂದ ಹಾಯೂದು ಬಿಟ್ಟಾಳ,
ಸುತ್ತಹಾಕಿ ನಳಕ್ಕ ಹೋಗತಾಳ.
ಪುಸ್ತಕದಾಗ ಆಕಿ ಹಾಳಿ ಹಂಗ ಐತಿ,
ಎದಿ ಮೂವತ್ತಾರು.
ನಾ ಗೀಟು ಎಳದಿಲ್ಲ.

ಇವತ್ತ ಮುಂಜಾನೆ ಥಂಡಿಯೊಳಗ
ಅಂಗಿ ಮಡಚಿ ಒಯ್ದೆ, ಟೇಪು ಮನ್ಯಾಗ ಬಿಟ್ಟು.
ಸೆರಗಿನ ಮ್ಯಾಲೇ ತೊಟ್ಟಳು. ಮುಂದ ಕಸಿ ಕಟ್ಟಿ,
ಈ ತೋಳಾಗ ಆ ಕೈ, ಆ ತೋಳಾಗ ಈ ಕೈ ಸೇರಿಸಿ
ಕಟ್ಟಿ ಮ್ಯಾಲೆ ಕುಂತಳು.
ಬಾಳ ಹೊತ್ತು ಸುಮ್ಮನ.

ಆಮ್ಯಾಲೆ "ತೋಳು ಉದ್ದಾತಲ್ಲೇ" ಅಂದಳು,
ಮೊದಲಿನಂಗ, ಜಗಳಕ್ಕ.