ಒಗೀಲಾರದ ಗಂಟು

ವರದಾ ದಂಡಿಗೆ ನನ್ನ ಕಲ್ಲೈತಿ.
ಅತ್ತಿ ಒಗದ ಕಲ್ಲು, ನಡುವ ತಗ್ಗು.
ಊರಾನ ಹೆರಿಗಿ ಎಲ್ಲಾ ಅದರ ಮ್ಯಾಲೆ ಹಾದು ಹೋಗ್ಯಾವ.
ಗಂಡೋ ಹೆಣ್ಣೋ ಬಟ್ಟಿ ಹೇಳೂದಿಲ್ಲ.
ಬ್ಯಾರೆ ಹೇಳತಾವ.

ನಿಂಬೆವ್ವ ಹಡದದ್ದು ನಸುಕಿನ್ಯಾಗ.
ಹೊಚ್ಚಲ ಆಚೆ ನಿಂತು ಗಂಟು ತಗೊಂಡೆ;
ಒಳಗಿಂದ ಬೇವಿನ ಹೊಗಿ,
ಬೆಳ್ಳುಳ್ಳಿ ಸಿಪ್ಪಿ ಸುಟ್ಟ ವಾಸನಿ.
ಆಯಿ ಬಸಲಿಂಗವ್ವ ಅಂದಳು:
'ಹೋಗಲಿ ಬಿಡು, ಒಂಬತ್ತ ತಿಂಗಳ ಕೂಡಿದ್ದು.
ಮುಟ್ಟು ನಿಂತಾಗಿಂದ ಲೆಕ್ಕ ಹಾಕು,
ಎಷ್ಟು ಹೊಲಸ ಒಳಗ ಕುಂತಿರಬೇಕು!
ಉಳೀತಂದ್ರ ನಂಜು.'

ಮೊದಲಿನ ಗಂಟಿನ್ಯಾಗ ನಾಕು.
ಹಳೇ ಇಳಕಲ್ ಸೀರಿ ಹರದದ್ದು, ಒಂದು ಧೋತರದ ತುಂಡು.
ತಾಸಿಗೆ ಮತ್ತ ಐದು.
ಹೊತ್ತು ಮಾರು ಏರೂದರಾಗ ಮತ್ತ ಕರದರು.
'ನೀರು ಬೇಡತಾಳ' ಅಂದಳು ನಾದಿನಿ.
'ಬಾಣಂತಿಗೆ ಎಂಥಾ ನೀರು, ಮೈ ಉಬ್ಬತೈತಿ.'
ಕಾಲು ಥಣ್ಣಗಾಗ್ಯಾವಂತ
ಅಗ್ಗಿಷ್ಟಿಗಿ ಹತ್ತರ ಸರಿಸಿದರು.

ನಿಲ್ಲೂ ನೆತ್ತರ ನನಗ ಗೊತ್ತು,
ಅಂಚಿಗೆ ಒಣಗಿ ಕಂದಾಗಿರತೈತಿ,
ತಣ್ಣೀರಿಗೆ ಬಿಡತೈತಿ.
ಇದು ಹಂಗಲ್ಲ.
ದಂಡಿ ಮುಟ್ಟೂತನಕ ಬೆಚ್ಚಗ.
ಒಂದು ಅದ್ದಿದೆ,
ಸಣ್ಣ ಮೀನು ಕಲ್ಲಿನ ಬುಡಕ್ಕ ನೆರದವು.

ನನ್ನ ತಂಗಿ ಕಲ್ಲವ್ವ ಹೋದಾಗ
ನಾನೂ ಅಂದಿದ್ದೆ, ಹೋಗಲಿ ಬಿಡು.
ತುಟಿ ಬೆಳ್ಳಗಾದದ್ದು ನೋಡಿ
ಮೈ ತೊಳದಂಗಾತು ಅಂದಿದ್ದೆ.

ಒಗೀಲಿಲ್ಲ.
ಹಂಗ ಹೊತಗೊಂಡು ತಿರುಗಿದೆ,
ಬೆನ್ನಾಗ ಇಳದು ಕುಪ್ಪಸ ತೋಯ್ತು.
ಕಟ್ಟಿ ಮ್ಯಾಲೆ ಗಂಡಸರು, ಚಹಾ, ಪೇಡೆ.
ಅವರ ನಡುವ ಬಿಚ್ಚಿದೆ.
'ಹದಿಮೂರು' ಅಂದೆ.

ಯಾರೋ ಛೀ ಅಂದರು. ಯಾರೋ ಮಾರಿ ತಿರುವಿದರು.
ನಿಂಬೆವ್ವನ ಗಂಡಗ
ಕಪ್ಪು-ಬಸಿ ಕೈಯಾಗಿಂದ ಬಿದ್ದದ್ದು ಗೊತ್ತಾಗಲಿಲ್ಲ;
ಮೆಣಸಿನಕಾಯಿ ಟೆಂಪೋ ತರಾಕ ಓಡಿದ.
ಘಾಟು ಹೋಗದ ಚೀಲದ ಮ್ಯಾಲೆ ಮಲಗಿಸಿ
ಕೆಮ್ಮಿಕೋತ ಕೆಮ್ಮಿಕೋತ
ಹಾವೇರಿ ದವಾಖಾನಿ.

ನಾ ಬಿಚ್ಚಿದ ಜಾಗ ಮೂರು ಸಲ ಸಾರಿಸಿದರಂತ.

ಹನ್ನೊಂದನೇ ದಿನ ಬಂದಳು,
ಮಂದೀ ರಕ್ತ ಮೂರು ಬಾಟ್ಲಿ ಮೈಯಾಗ ಇಟಗೊಂಡು.
ಯಾರದೋ ಏನೋ, ಯಾವ ಜಾತಿದೋ,
ಓಣಿಗೆ ಅದೊಂದ ಚಿಂತಿ.

ಆಯಿ ಮರದಾಗ ಜ್ವಾಳ ತಂದಳು.
ನನ್ನ ಮಾರಿ ನೋಡಲಿಲ್ಲ.
'ನಮ್ಮಕ್ಕಗ ಅದು ಹೋಗಲಿಲ್ಲ. ಒಳಗ ಉಳೀತು.
ಏಳು ದಿನ ಜ್ವರ, ನಾತ.
ಕ್ವಾಣ್ಯಾಗ ನಾ ಒಬ್ಬಾಕೀ ಇದ್ದೆ' ಅಂದಳು.
ಸೆರಗಿಗೆ ಸುರುವಿ ಆದ ಮ್ಯಾಲೂ
ಬರೇ ಮರ ಹಿಡಕೊಂಡು ನಿಂತಳು.
'ಎಷ್ಟನೇದಕ್ಕ ಅಂಜಬೇಕು?'

'ಎಣಿಸಿಕೋತ ಕುಂದರಬ್ಯಾಡ ಆಯಿ,' ಅಂದೆ,
'ಬಟ್ಟಿ ಬೆಚ್ಚಗಿದ್ದರ ಕರಿ.'